ಎಸ್ಟಿಮೇಟ್‌ನಲ್ಲಿ ‘ಎನರ್ಜಿ ಡಿವೈಸ್’ ಎಂದು ಪ್ರತ್ಯೇಕ ಮೊತ್ತ: ಲ್ಯಾಪ್ರೊಸ್ಕೋಪಿಗೆ ಹಾರ್ಮೋನಿಕ್ ಬೇಕೇ, ಬೈಪೋಲಾರ್ ಸಾಕೇ?

ಪ್ರಶ್ನೆ: ಶಾಲಾ ಶಿಕ್ಷಕ, ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ 47 ವರ್ಷ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿದ್ದು, ಮುಟ್ಟಿನ ದಿನಗಳಲ್ಲಿ ವಿಪರೀತ ರಕ್ತ ಹೋಗಿ ಹಿಮೋಗ್ಲೋಬಿನ್ ಕುಸಿದಿರುವುದರಿಂದ, ಲ್ಯಾಪ್ರೊಸ್ಕೋಪಿ ಮೂಲಕ ಗರ್ಭಕೋಶವನ್ನು ತೆಗೆಯುವುದೇ ಸರಿಯೆಂದು ನಾವು ತೋರಿಸಿದ ಇಬ್ಬರು ವೈದ್ಯರೂ ಹೇಳಿದ್ದಾರೆ. ಆ ವಿಷಯದಲ್ಲಿ ನಮಗೆ ಗೊಂದಲವಿಲ್ಲ. ಗೊಂದಲವಿರುವುದು ಖರ್ಚಿನ ಅಂದಾಜುಪಟ್ಟಿಯಲ್ಲಿ. ಮೊದಲನೆಯ ಆಸ್ಪತ್ರೆಯವರು ಕೊಠಡಿ, ಅರಿವಳಿಕೆ, ಔಷಧಿಗಳ ಜೊತೆಗೆ ‘ಎನರ್ಜಿ ಡಿವೈಸ್, ಹಾರ್ಮೋನಿಕ್’ ಎಂದು ಪ್ರತ್ಯೇಕವಾಗಿ 18,000 ರೂಪಾಯಿ ನಮೂದಿಸಿದ್ದಾರೆ. ಎರಡನೆಯ ವೈದ್ಯರು ಅದರ ಅಗತ್ಯವಿಲ್ಲ, ತಾವು ಬೈಪೋಲಾರ್‌ನಲ್ಲಿಯೇ ಮಾಡುವುದಾಗಿ ತಿಳಿಸಿದರು. ಎರಡಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವಷ್ಟು ಬಿಡುವು ಇಬ್ಬರಿಗೂ ಇರಲಿಲ್ಲ.

ಇದರ ನಡುವೆ ನೆಂಟರೊಬ್ಬರು, ತಮಗೆ ಪರಿಚಯದ ಮಹಿಳೆಯೊಬ್ಬರಿಗೆ ಇಂಥದೇ ಶಸ್ತ್ರಚಿಕಿತ್ಸೆಯಲ್ಲಿ ಕರೆಂಟಿನಿಂದ ಕರುಳು ಸುಟ್ಟು, ಮನೆಗೆ ಬಂದ ಮೇಲೆ ಅದು ತಿಳಿಯಿತೆಂದು ಹೇಳಿ ಅಕ್ಕನನ್ನು ಹೆದರಿಸಿದ್ದಾರೆ. ಕ್ಯಾಮೆರಾ ಇಟ್ಟು, ದೊಡ್ಡ ಪರದೆಯಲ್ಲಿ ನೋಡಿಕೊಂಡೇ ಮಾಡುವ ಕೆಲಸದಲ್ಲಿ ಯಾರಿಗೂ ಕಾಣದಂತೆ ಕರುಳು ಸುಡುವುದು ಹೇಗೆ ಸಾಧ್ಯ? ರೋಗಿಯ ಮೈಯೊಳಗೆ ನಿಜವಾಗಿಯೂ ಕರೆಂಟ್ ಹರಿಸುತ್ತಾರೆಯೇ? ಹೆಚ್ಚು ಹಣ ಕೊಟ್ಟರೆ ಆ ಅಪಾಯ ತಪ್ಪುತ್ತದೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಜನರಲ್ ಸರ್ಜನ್, ಹುಬ್ಬಳ್ಳಿ

ಮೈಯೊಳಗೆ ಕರೆಂಟ್ ಹರಿಸುತ್ತಾರೆಯೇ ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಉತ್ತರಗಳೆಲ್ಲ ಅದರ ಮೇಲೆ ನಿಂತಿವೆ. ಹೌದು, ಥಿಯೇಟರಿನಲ್ಲಿ ನಾವೆಲ್ಲ ಕಾಟರಿ ಎಂದು ಕರೆಯುವ ಯಂತ್ರವು ರೋಗಿಯ ದೇಹದಲ್ಲಿ ವಿದ್ಯುತ್ ಹರಿಸಿಯೇ ಕೆಲಸ ಮಾಡುತ್ತದೆ. ಆದರೆ ಅದು ಮನೆಯ ಪ್ಲಗ್ಗಿನ ಕರೆಂಟಿನಂಥದಲ್ಲ. ಮನೆಯ ಕರೆಂಟ್ ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ನರಗಳೂ ಸ್ನಾಯುಗಳೂ ಆ ವೇಗಕ್ಕೆ ಸ್ಪಂದಿಸುವುದರಿಂದಲೇ ಶಾಕ್ ಹೊಡೆಯುತ್ತದೆ, ಹೃದಯದ ಬಡಿತ ಕೆಡುತ್ತದೆ. ಆವರ್ತನವನ್ನು ಸೆಕೆಂಡಿಗೆ 10,000ಕ್ಕಿಂತ ಮೇಲೆ ಒಯ್ದರೆ ಸ್ನಾಯುಗಳು ಸೆಟೆದುಕೊಳ್ಳುವುದಿಲ್ಲ ಎಂಬುದನ್ನು ಫ್ರಾನ್ಸಿನ ದಾರ್ಸೊನ್ವಾಲ್ 1891ರಲ್ಲಿ ತೋರಿಸಿಕೊಟ್ಟರು. ಇಂದಿನ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 3 ಲಕ್ಷದಿಂದ 5 ಲಕ್ಷ ಆವರ್ತಗಳಲ್ಲಿ ನಡೆಯುತ್ತವೆ. ಆದ್ದರಿಂದ ಶಾಕ್ ಇಲ್ಲ, ಶಾಖ ಮಾತ್ರ.

ಆ ಶಾಖವೂ ಕರೆಂಟ್ ಹಾಯುವ ದಾರಿಯುದ್ದಕ್ಕೂ ಹುಟ್ಟುವುದಿಲ್ಲ. ಉಪಕರಣದ ಕಿರಿದಾದ ತುದಿಯಲ್ಲಿ ಕರೆಂಟೆಲ್ಲ ಒಂದೆಡೆ ಒತ್ತರಿಸಿರುವುದರಿಂದ ಅಲ್ಲಿ ಜೀವಕೋಶಗಳು ಬೇಯುತ್ತವೆ. ಅದೇ ಕರೆಂಟ್ ತೊಡೆಗೆ ಅಂಟಿಸಿದ ಅಗಲವಾದ ಪ್ಲೇಟಿನ ಮೂಲಕ ಯಂತ್ರಕ್ಕೆ ಹಿಂತಿರುಗುವಾಗ ಹರಡಿಹೋಗಿರುವುದರಿಂದ ಅಲ್ಲಿನ ಚರ್ಮಕ್ಕೆ ಬಿಸಿ ತಟ್ಟುವುದಿಲ್ಲ. ಸುಮಾರು 60 ಡಿಗ್ರಿಯಲ್ಲಿ ಅಂಗಾಂಶದ ಪ್ರೋಟೀನು ಹೆಪ್ಪುಗಟ್ಟುತ್ತದೆ, 100 ಡಿಗ್ರಿಯಲ್ಲಿ ಜೀವಕೋಶದೊಳಗಿನ ನೀರು ಕುದಿದು ಕೋಶ ಒಡೆಯುತ್ತದೆ, 200 ಡಿಗ್ರಿ ಸಮೀಪಿಸಿದರೆ ಕರಕಲಾಗುತ್ತದೆ. ಹಳದಿ ಪೆಡಲ್ ಒತ್ತಿದರೆ ಕಡಿಮೆ ವೋಲ್ಟೇಜಿನ ಕರೆಂಟ್ ಎಡೆಬಿಡದೆ ಹರಿದು ಕೊಯ್ಯುತ್ತದೆ. ನೀಲಿ ಪೆಡಲ್ ಒತ್ತಿದರೆ ಹೆಚ್ಚು ವೋಲ್ಟೇಜಿನ ಕರೆಂಟ್ ಬಿಟ್ಟುಬಿಟ್ಟು ಹರಿದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ವಿಲಿಯಂ ಬೋವಿ ರೂಪಿಸಿದ ಇಂಥ ಯಂತ್ರವನ್ನು ಮೆದುಳಿನ ಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ಬಾಸ್ಟನ್ನಿನಲ್ಲಿ 1926ರ ಅಕ್ಟೋಬರ್ 1ರಂದು ಬಳಸಿ, ಕೆಲವೇ ದಿನಗಳ ಹಿಂದೆ ರಕ್ತಸ್ರಾವಕ್ಕೆ ಅಂಜಿ ಅರ್ಧಕ್ಕೆ ಬಿಟ್ಟಿದ್ದ ಗಡ್ಡೆಯನ್ನು ತೆಗೆದುಮುಗಿಸಿದರು. ಮೂಲತತ್ತ್ವ ಅಂದಿನಿಂದ ಬದಲಾಗಿಲ್ಲ.

ಇಷ್ಟು ಹೇಳಿದ್ದು ಮೊನೊಪೋಲಾರ್ ಬಗ್ಗೆ. ಬೈಪೋಲಾರ್‌ನಲ್ಲಿ ಇಕ್ಕಳದ ಎರಡು ದವಡೆಗಳ ನಡುವೆ ಹಿಡಿದಿರುವ ಅಂಗಾಂಶದಲ್ಲಷ್ಟೇ ಕರೆಂಟ್ ಹಾಯುತ್ತದೆ. ಅದಕ್ಕೆ ಪ್ಲೇಟಿನ ಅಗತ್ಯವೂ ಇಲ್ಲ. ಅದನ್ನೇ ಬೆಳೆಸಿ 1990ರ ದಶಕದ ಕೊನೆಯಲ್ಲಿ ಬಂದ ಲಿಗಾಶ್ಯೂರ್ ಮಾದರಿಯ ಉಪಕರಣಗಳು ರಕ್ತನಾಳವನ್ನು ಗಟ್ಟಿಯಾಗಿ ಅದುಮಿ ಹಿಡಿದು, ಅಂಗಾಂಶದ ವಿದ್ಯುತ್ ರೋಧವನ್ನು ಯಂತ್ರವೇ ಅಳೆಯುತ್ತ, ನಾಳದ ಗೋಡೆಯ ಕೊಲ್ಯಾಜನ್ ಮತ್ತು ಎಲಾಸ್ಟಿನ್ ಎಂಬ ಪ್ರೋಟೀನುಗಳನ್ನು ಕರಗಿಸಿ ಬೆಸೆಯುತ್ತವೆ. 7 ಮಿಲಿಮೀಟರ್ ವ್ಯಾಸದವರೆಗಿನ ನಾಳಗಳನ್ನು ಅವು ಮುಚ್ಚಬಲ್ಲವು. ನಿಮ್ಮ ಪಟ್ಟಿಯಲ್ಲಿರುವ ಹಾರ್ಮೋನಿಕ್ ಬೇರೆಯೇ ಜಾತಿ. ಅದರಲ್ಲಿ ರೋಗಿಯ ದೇಹಕ್ಕೆ ಕರೆಂಟ್ ಹೋಗುವುದೇ ಇಲ್ಲ. ಲೋಹದ ಅಲಗು ಸೆಕೆಂಡಿಗೆ 55,500 ಬಾರಿ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಮೀರದಷ್ಟು ದೂರ ಹಿಂದುಮುಂದಾಗಿ ಕಂಪಿಸಿ, ಆ ಘರ್ಷಣೆಯಲ್ಲಿಯೇ ನಾಳವನ್ನು ಮುಚ್ಚುತ್ತದೆ ಮತ್ತು ಕತ್ತರಿಸುತ್ತದೆ. ಹೊಗೆ ಕಡಿಮೆ, ಅಕ್ಕಪಕ್ಕಕ್ಕೆ ಹರಡುವ ಬಿಸಿಯೂ ಕಡಿಮೆ. ಇಕ್ಕಳದಿಂದ ಕಾಯಿಸಿ, ಅದನ್ನು ಹೊರತೆಗೆದು, ಕತ್ತರಿ ಹಾಕಿ ಕೊಯ್ಯುವ ಓಡಾಟ ತಪ್ಪುವುದರಿಂದ ಸಮಯ ಉಳಿಯುತ್ತದೆ.

ಹಾಗೆಂದು ಎಲ್ಲಕ್ಕೂ ಅದು ಬೇಕಿಲ್ಲ. ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ತೆಹ್ಮ್ಟನ್ ಉದ್ವಾಡಿಯಾ 1990ರಲ್ಲಿ ಭಾರತದ ಮೊದಲ ಲ್ಯಾಪ್ರೊಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ನಡೆಸಿದ ಕಾಲಕ್ಕೆ ಈ ದುಬಾರಿ ಉಪಕರಣಗಳು ಇಲ್ಲಿ ಬಳಕೆಗೇ ಬಂದಿರಲಿಲ್ಲ. ಇಂದಿಗೂ ನಾನು ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸುವುದು ಕೊಕ್ಕೆಯಂಥ ತುದಿಯ ಸಾಧಾರಣ ಮೊನೊಪೋಲಾರ್ ಹುಕ್‌ನಿಂದಲೇ. ಗರ್ಭಕೋಶದ ಮಾತನ್ನು ಸ್ತ್ರೀರೋಗ ತಜ್ಞರು ಹೇಳಲಿ.

ಉತ್ತರ 2: ಬಯೋಮೆಡಿಕಲ್ ಎಂಜಿನಿಯರ್, ಮೈಸೂರು

ಕಣ್ಣಿಗೆ ಕಾಣದಂತೆ ಕರುಳು ಸುಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ನನ್ನ ಕೆಲಸಕ್ಕೆ ಸೇರಿದ್ದು.

ಲ್ಯಾಪ್ರೊಸ್ಕೋಪಿಯ ಉಪಕರಣ 30 ಸೆಂಟಿಮೀಟರಿಗಿಂತ ಉದ್ದವಿರುತ್ತದೆ. ಕ್ಯಾಮೆರಾ ತೋರಿಸುವುದು ಅದರ ತುದಿಯ ಸುತ್ತಲಿನ ಕೆಲವು ಸೆಂಟಿಮೀಟರುಗಳನ್ನು ಮಾತ್ರ. ಉಳಿದ ದಂಡ ಹೊಟ್ಟೆಯೊಳಗೇ, ಕರುಳಿನ ಪಕ್ಕದಲ್ಲೇ ಇದ್ದರೂ ಪರದೆಯಲ್ಲಿ ಕಾಣುವುದಿಲ್ಲ. ಆ ದಂಡಕ್ಕೆ ತೊಡಿಸಿದ ಇನ್ಸುಲೇಷನ್ ಪದರ, ಪ್ರತಿ ಸಲ ಹೊಟ್ಟೆಗೆ ಚುಚ್ಚಿಟ್ಟ ಟ್ರೋಕಾರ್ ಎಂಬ ಕೊಳವೆಯಲ್ಲಿ ಒಳಗೆ ಹೊರಗೆ ಜಾರುವಾಗ, ತೊಳೆಯುವಾಗ, ಉಗಿಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್‌ನಲ್ಲಿ ಕಾಯುವಾಗ ಸವೆಯುತ್ತ ಹೋಗುತ್ತದೆ. ದೊಡ್ಡದಾಗಿ ಕಿತ್ತುಹೋದರೆ ಯಾರಾದರೂ ಗಮನಿಸಿ ತೆಗೆದಿಡುತ್ತಾರೆ. ಹೆಚ್ಚು ಅಪಾಯಕಾರಿಯಾದದ್ದು ಕೂದಲೆಳೆಯಷ್ಟು ಸಣ್ಣ ಬಿರುಕು, ಏಕೆಂದರೆ ಮೇಲಿನ ಉತ್ತರದಲ್ಲಿ ಹೇಳಿದಂತೆ ಜಾಗ ಕಿರಿದಾದಷ್ಟೂ ಕರೆಂಟಿನ ಸಾಂದ್ರತೆ ಹೆಚ್ಚು, ಸುಡುವ ಶಕ್ತಿಯೂ ಹೆಚ್ಚು.

ಇನ್ಸುಲೇಷನ್ ಸರಿಯಿದ್ದಾಗಲೂ ಇನ್ನೊಂದು ತೊಂದರೆ ಸಂಭವಿಸಬಹುದು. ಎರಡು ಲೋಹಗಳ ನಡುವೆ ಒಂದು ಅವಾಹಕ ಪದರವಿದ್ದರೆ ಅದು ಕೆಪಾಸಿಟರ್ ಆಗುತ್ತದೆ. ಅಧಿಕ ಆವರ್ತನದ ಕರೆಂಟ್ ಅದನ್ನು ದಾಟಬಲ್ಲದು. ಒಳಗೆ ಹುಕ್‌ನ ಲೋಹದ ಕಡ್ಡಿ, ಅದರ ಮೇಲೆ ಇನ್ಸುಲೇಷನ್, ಅದರ ಹೊರಗೆ ಲೋಹದ ಟ್ರೋಕಾರ್, ಇಷ್ಟಿದ್ದರೆ ಸಾಕು. ಟ್ರೋಕಾರ್ ಪೂರ್ತಿ ಲೋಹದ್ದಾಗಿದ್ದರೆ ಅದು ಹೊಟ್ಟೆಯ ಗೋಡೆಗೆ ಅಗಲವಾಗಿ ತಾಗಿರುವುದರಿಂದ ಆ ಕರೆಂಟ್ ಅಲ್ಲಿಯೇ ಹರಡಿ ನಿರುಪದ್ರವಿಯಾಗುತ್ತದೆ. ಲೋಹದ ಕೊಳವೆಯನ್ನು ಪ್ಲಾಸ್ಟಿಕ್ ಹಿಡಿಕೆಯಿಂದ ಹೊಟ್ಟೆಗೆ ಕಚ್ಚಿಸಿದ್ದರೆ ಮಾತ್ರ ಆ ದಾರಿ ಮುಚ್ಚಿಹೋಗಿ, ಕೊಳವೆಗೆ ತಾಗಿದ ಕರುಳಿನ ಮೂಲಕ ಕರೆಂಟ್ ಹೊರಬೀಳುತ್ತದೆ. ಆದ್ದರಿಂದಲೇ ಲೋಹ ಮತ್ತು ಪ್ಲಾಸ್ಟಿಕ್ ಬೆರೆತ ಟ್ರೋಕಾರ್ ಜೋಡಣೆಯನ್ನು ಮಾಡಬಾರದೆಂದು ಕಲಿಸುತ್ತಾರೆ. ಮೂರನೆಯದು ತೀರ ನೇರವಾದದ್ದು: ಚಾಲನೆಯಲ್ಲಿರುವ ಹುಕ್ ಪಕ್ಕದ ಲೋಹದ ಇಕ್ಕಳಕ್ಕೋ ಕ್ಯಾಮೆರಾ ದಂಡಕ್ಕೋ ತಗುಲಿ, ಅದು ಬೇರೆಲ್ಲೋ ಕರುಳಿಗೆ ತಗುಲಿರುವುದು. ತುದಿ ಅಂಗಾಂಶವನ್ನು ಮುಟ್ಟುವ ಮೊದಲೇ ಪೆಡಲ್ ಒತ್ತುವುದು, ಅನವಶ್ಯಕವಾಗಿ ನೀಲಿ ಪೆಡಲಿನ ಕೋಆಗ್ ಮೋಡ್‌ನಲ್ಲಿ ವಾಟ್ ಏರಿಸುತ್ತ ಹೋಗುವುದು, ಇವೆರಡೂ ಈ ಎಲ್ಲ ಅಪಾಯಗಳನ್ನು ಹೆಚ್ಚಿಸುತ್ತವೆ. ‘ಕಾಟರಿ ಹಿಡಿಯುತ್ತಿಲ್ಲ, ಜಾಸ್ತಿ ಮಾಡಿ’ ಎಂಬ ಮಾತು ಕೇಳಿದಾಗ ಮೊದಲು ಪ್ಲೇಟ್ ಸರಿಯಾಗಿ ಅಂಟಿದೆಯೇ, ವೈರ್ ಕನೆಕ್ಷನ್ ಬಿಗಿಯಾಗಿದೆಯೇ ಎಂದು ನೋಡಬೇಕೇ ಹೊರತು ಗುಂಡಿ ತಿರುಗಿಸಬಾರದು.

ನಾನು ವಿವರಿಸಿದ ಈ ಮೂರೂ ಮುಖ್ಯವಾಗಿ ಮೊನೊಪೋಲಾರ್‌ನ ಸಮಸ್ಯೆಗಳು. ಬೈಪೋಲಾರ್‌ನಲ್ಲಿ ಇವು ಬಹುಮಟ್ಟಿಗೆ ಇಲ್ಲ, ಹಾರ್ಮೋನಿಕ್‌ನಲ್ಲಿ ಇಲ್ಲವೇ ಇಲ್ಲ.

ಹಣದ ವಿಷಯದಲ್ಲಿ ಒಂದು ಮಾತು. ಒಮ್ಮೆ ಮಾತ್ರ ಬಳಸಬೇಕೆಂದು ತಯಾರಕರು ಮುದ್ರಿಸಿರುವ ಹಾರ್ಮೋನಿಕ್, ಲಿಗಾಶ್ಯೂರ್ ಹಿಡಿಕೆಗಳನ್ನು ತೊಳೆದು, ಎಥಿಲಿನ್ ಆಕ್ಸೈಡ್ ಅನಿಲದಲ್ಲಿ ಕ್ರಿಮಿಶುದ್ಧಿ ಮಾಡಿ ಮತ್ತೆ ಬಳಸುವ ರೂಢಿ ನಮ್ಮ ದೇಶದಲ್ಲಿ ವ್ಯಾಪಕವಾಗಿದೆ. ಬೆಲೆಯನ್ನು ನೋಡಿದರೆ ಅದಕ್ಕೆ ಕಾರಣವಿಲ್ಲದಿಲ್ಲ. ಆದರೆ ಹಾರ್ಮೋನಿಕ್‌ನ ದವಡೆಯಲ್ಲಿರುವ ಬಿಳಿ ಟೆಫ್ಲಾನ್ ಪಟ್ಟಿ ಬಳಸಿದಷ್ಟೂ ಸವೆಯುತ್ತದೆ, ಸಂದುಗಳಲ್ಲಿ ಸಿಕ್ಕಿಕೊಂಡ ರಕ್ತವನ್ನು ಪೂರ್ತಿ ತೆಗೆಯುವುದು ಕಷ್ಟ. 18,000 ರೂಪಾಯಿ ಹೊಸ ಹಿಡಿಕೆಗೋ, ಮರುಬಳಕೆಯ ಹಿಡಿಕೆಯ ಪಾಲಿಗೋ ಎಂದು ಬಿಲ್ಲಿಂಗ್ ವಿಭಾಗದಲ್ಲಿ ಕೇಳುವ ಹಕ್ಕು ನಿಮಗಿದೆ. ಹೊಸದೆಂದರೆ ಪೊಟ್ಟಣದ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸಿರಬೇಕು.

ಉತ್ತರ 3: ಸ್ತ್ರೀರೋಗ ತಜ್ಞೆ, ಮಂಗಳೂರು

ಹುಬ್ಬಳ್ಳಿಯ ವೈದ್ಯರ ವಿವರಣೆ ಚೆನ್ನಾಗಿದೆ. ಆದರೆ ಹಾರ್ಮೋನಿಕ್‌ನ ಬಿಸಿ ಕಡಿಮೆ ಎಂಬ ಮಾತಿಗೆ ಒಂದು ಷರತ್ತು ಸೇರಿಸಲೇಬೇಕು. ಅಕ್ಕಪಕ್ಕಕ್ಕೆ ಹರಡುವ ಬಿಸಿ ಕಡಿಮೆ ಎಂಬುದು ಚಿಕ್ಕ ಚಿಕ್ಕ ಅವಧಿಗೆ ಬಳಸಿದಾಗ ನಿಜ. ದಪ್ಪ ಅಂಗಾಂಶವನ್ನು ಕಚ್ಚಿಹಿಡಿದು ಬಹಳ ಹೊತ್ತು ಒತ್ತಿದರೆ ಅಲಗಿನ ಉಷ್ಣತೆ 200 ಡಿಗ್ರಿಯನ್ನೂ ದಾಟಬಲ್ಲದು, ಮತ್ತು ಪೆಡಲ್ ಬಿಟ್ಟ ತಕ್ಷಣ ಅದು ತಣ್ಣಗಾಗುವುದಿಲ್ಲ. ಒಲೆ ಆರಿಸಿದ ಮೇಲೂ ದೋಸೆ ಕಾವಲಿ ಕೈ ಸುಡುವಂತೆ, ಆ ಅಲಗಿನಿಂದಲೇ ಕರುಳನ್ನು ಪಕ್ಕಕ್ಕೆ ಸರಿಸಲು ಹೋದರೆ ಸುಟ್ಟಗಾಯ ಖಚಿತ. ಕರೆಂಟ್ ಇಲ್ಲದ ಉಪಕರಣವೆಂಬ ಧೈರ್ಯವೇ ಇಲ್ಲಿ ಅಪಾಯಕ್ಕೆ ದಾರಿ ಮಾಡುತ್ತದೆ. ನಮ್ಮ ಕಿರಿಯರಿಗೆ ನಾನು ಹೇಳುವುದಿಷ್ಟು: ಬಳಸಿದ ಅಲಗನ್ನು ಏನಕ್ಕೂ ತಾಗಿಸದೆ ಕೆಲವು ಕ್ಷಣ ಬಿಡಿ, ಅಥವಾ ಹತ್ತಿರದ ಒದ್ದೆ, ನಿರಪಾಯಕಾರಿ ಅಂಗಾಂಶಕ್ಕೆ ಮುಟ್ಟಿಸಿ ತಣಿಸಿ, ಆಮೇಲೆ ಮುಂದಕ್ಕೆ ಹೋಗಿ.

ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿ ನಮಗೆ ಕರುಳಿಗಿಂತಲೂ ಹೆಚ್ಚು ಚಿಂತೆ ಹುಟ್ಟಿಸುವುದು ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿದುಬರುವ ಮೂತ್ರನಾಳ. ಗರ್ಭಕೋಶದ ಮುಖ್ಯ ರಕ್ತನಾಳದ ಅಡಿಯಲ್ಲಿ, ಗರ್ಭಕಂಠದಿಂದ ಹೆಚ್ಚುಕಡಿಮೆ ಎರಡೇ ಸೆಂಟಿಮೀಟರ್ ದೂರದಲ್ಲಿ ಅದು ಹಾದುಹೋಗುತ್ತದೆ. ದೊಡ್ಡ ಗಡ್ಡೆಗಳಿದ್ದರೆ ಆ ಅಂತರವೂ ಜಾಗವೂ ವ್ಯತ್ಯಾಸವಾಗಿರುತ್ತವೆ. ನಾವು ಶಾಖ ಕೊಟ್ಟು ಮುಚ್ಚಬೇಕಾದ ರಕ್ತನಾಳ ಅದೇ ಜಾಗದಲ್ಲಿದೆ. ಆದ್ದರಿಂದ ಯಾವ ಉಪಕರಣವೆಂಬುದಕ್ಕಿಂತ, ಮೂತ್ರಕೋಶವನ್ನು ಚೆನ್ನಾಗಿ ಕೆಳಗೆ ಬಿಡಿಸಲಾಗಿದೆಯೇ, ಗರ್ಭಕೋಶವನ್ನು ಮೇಲಕ್ಕೆ ಎತ್ತಿಹಿಡಿದು ಮೂತ್ರನಾಳ ದೂರ ಸರಿಯುವಂತೆ ಮಾಡಲಾಗಿದೆಯೇ, ರಕ್ತನಾಳದ ಸುತ್ತಲಿನ ಅಂಗಾಂಶವನ್ನು ಬಿಡಿಸಿ ಅದನ್ನಷ್ಟೇ ಹಿಡಿಯಲಾಗಿದೆಯೇ ಎಂಬುದೇ ಫಲವನ್ನು ನಿರ್ಧರಿಸುತ್ತದೆ. ರಕ್ತ ಚಿಮ್ಮಿದಾಗ ಗಾಬರಿಯಿಂದ ಕೆಂಪು ಮಡುವಿನೊಳಗೆ ಕುರುಡಾಗಿ ಬೈಪೋಲಾರ್ ಇಟ್ಟು ಒತ್ತುವವರ ಕೈಯಲ್ಲಿ ಎಷ್ಟು ಬೆಲೆಯ ಉಪಕರಣವಿದ್ದರೂ ಪ್ರಯೋಜನವಿಲ್ಲ.

ನಿಮ್ಮ ನೆಂಟರ ಭಯಕ್ಕೆ ಹಳೆಯ ಇತಿಹಾಸವೇ ಇದೆ. 1970ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಪ್ರೊಸ್ಕೋಪಿಕ್ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮೊನೊಪೋಲಾರ್ ಕರೆಂಟಿನಿಂದಲೇ ಮಾಡುತ್ತಿದ್ದರು. ಆರೋಗ್ಯವಂತ ಮಹಿಳೆಯರ ಕರುಳು ಸುಟ್ಟ, ಜೀವವೂ ಹೋದ ಪ್ರಕರಣಗಳು ವರದಿಯಾದವು. ಆ ಆತಂಕದಿಂದಲೇ ಬೈಪೋಲಾರ್ ಇಕ್ಕಳ ಬಳಕೆಗೆ ಬಂತು. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್, ಕರೆಂಟನ್ನೇ ದೇಹಕ್ಕೆ ಬಿಡದೆ ಸುಮಾರು 100 ಡಿಗ್ರಿಗೆ ಕಾಯಿಸಿದ ಇಕ್ಕಳದಿಂದ ಅಂಡನಾಳ ಮುಚ್ಚುವ ವಿಧಾನವನ್ನು ರೂಪಿಸಿದರು. ಶಾಖವೇ ಬೇಡವೆಂದು ಸಿಲಿಕೋನ್ ಉಂಗುರವೂ ಬಂತು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಶಿಬಿರಗಳಲ್ಲಿ ಲ್ಯಾಪ್ರೊಸ್ಕೋಪಿ ಮಾಡಿಸಿಕೊಂಡ ತಾಯಂದಿರಿಗೆ ಹಾಕುವುದು ಆ ಉಂಗುರವನ್ನೇ. ಅಂದಹಾಗೆ, ಅಂದು ಸುಟ್ಟಗಾಯವೆಂದು ತೀರ್ಮಾನಿಸಿದ್ದ ಕರುಳಿನ ಕೆಲವು ಗಾಯಗಳನ್ನು ಮುಂದೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಅವು ಸೂಜಿ ಅಥವಾ ಟ್ರೋಕಾರ್ ಚುಚ್ಚಿ ಆದವು ಎಂದು ಕಂಡುಬಂತು. ಕರೆಂಟಿನ ಮೇಲೆ ಹೊರಿಸಿದ ತಪ್ಪೆಲ್ಲ ಅದರದಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸಾಧಾರಣ ಗಾತ್ರದ ಗರ್ಭಕೋಶಕ್ಕೆ, ಪಳಗಿದ ಕೈಯಲ್ಲಿ ಬೈಪೋಲಾರ್ ಮತ್ತು ಕತ್ತರಿ ಖಂಡಿತ ಸಾಕು. ನಾನೂ ಬಹುತೇಕ ಹಾಗೆಯೇ ಮಾಡುತ್ತೇನೆ. ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬೆಳೆದಿದ್ದರೆ, ಹಿಂದಿನ ಸಿಸೇರಿಯನ್‌ಗಳಿಂದ ಅಂಗಗಳು ಅಂಟಿಕೊಂಡಿದ್ದರೆ, ಹಿಮೋಗ್ಲೋಬಿನ್ ಕಡಿಮೆಯಿದ್ದು ಸ್ವಲ್ಪ ರಕ್ತವನ್ನೂ ಕಳೆದುಕೊಳ್ಳುವ ಸ್ಥಿತಿಯಲ್ಲಿ ರೋಗಿ ಇಲ್ಲದಿದ್ದರೆ, ನಾಳ ಬೆಸೆಯುವ ಉಪಕರಣಕ್ಕೆ ಕೊಡುವ ಹಣ ವ್ಯರ್ಥವಲ್ಲ. ಆದರೆ ದಿನವೂ ಬೈಪೋಲಾರ್ ಬಳಸುವ ವೈದ್ಯರ ಕೈಗೆ ನಿಮ್ಮ ಒತ್ತಾಯಕ್ಕಾಗಿ ಹಾರ್ಮೋನಿಕ್ ಕೊಡಿಸುವುದು ಜಾಣತನವಲ್ಲ. ‘ಡಾಕ್ಟ್ರೇ, ನೀವು ಪ್ರತಿನಿತ್ಯ ಬಳಸುವುದು ಯಾವುದು, ಇವರಿಗೆ ಬೇರೆಯದು ಬೇಕೆನ್ನಲು ಕಾರಣವೇನು’ ಎಂದು ಇಬ್ಬರನ್ನೂ ಕೇಳಿ. ಕಾರಣವನ್ನು ನಿಮ್ಮ ಅಕ್ಕನ ಸ್ಕ್ಯಾನ್ ರಿಪೋರ್ಟ್ ತೋರಿಸಿ ಹೇಳಿದರೆ ಒಪ್ಪಿಕೊಳ್ಳಿ. ‘ಇದು ಲೇಟೆಸ್ಟ್’ ಎಂದಷ್ಟೇ ಹೇಳಿದರೆ ಇನ್ನೊಮ್ಮೆ ಯೋಚಿಸಿ.

ಪ್ರಶ್ನೆ ಕೇಳಿದವರು: ಶಾಲಾ ಶಿಕ್ಷಕ, ಅರಸೀಕೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಕನ ಗರ್ಭಕೋಶ ಹನ್ನೆರಡು ವಾರಗಳ ಬಸಿರಿನಷ್ಟು ದೊಡ್ಡದಿದೆ ಎಂದು ರಿಪೋರ್ಟಿನಲ್ಲಿದೆ. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿಲ್ಲ. ನಾವು ಎರಡನೆಯ ವೈದ್ಯರಲ್ಲಿಯೇ ಮಾಡಿಸಲು ಯೋಚಿಸುತ್ತಿದ್ದೇವೆ. ಇನ್ನೆರಡು ಸಂದೇಹಗಳಿವೆ. ಹಳೆಯ ಅಪಘಾತವೊಂದರಿಂದ ಅವರ ಬಲತೊಡೆಯ ಮೂಳೆಯಲ್ಲಿ ಸ್ಟೀಲ್ ರಾಡ್ ಇದೆ. ತಾಳಿ, ಕಾಲುಂಗುರ ತೆಗೆಯಲು ಅವರಿಗೆ ಮನಸ್ಸಿಲ್ಲ. ಇವುಗಳಿಂದ ಏನಾದರೂ ತೊಂದರೆ ಇದೆಯೇ? ಮನೆಗೆ ಬಂದ ಮೇಲೆ ಯಾವ ಲಕ್ಷಣಗಳನ್ನು ಗಮನಿಸಬೇಕು?

ಉತ್ತರ 4: ಶುಶ್ರೂಷಾಧಿಕಾರಿ, ಆಪರೇಷನ್ ಥಿಯೇಟರ್, ಕಲಬುರಗಿ

ರಾಡ್ ಇರುವ ವಿಷಯವನ್ನು ದಾಖಲಾಗುವಾಗಲೇ ಹೇಳಿ ಕೇಸ್ ಶೀಟಿನಲ್ಲಿ ಬರೆಸಿ, ಥಿಯೇಟರಿಗೆ ಕರೆದೊಯ್ಯುವ ಸಿಸ್ಟರ್‌ಗೂ ಇನ್ನೊಮ್ಮೆ ನೆನಪಿಸಿ. ಬೈಪೋಲಾರ್‌ಗೆ ಪ್ಲೇಟ್ ಬೇಡವೆಂಬುದು ನಿಜವಾದರೂ, ಮೊನೊಪೋಲಾರ್ ಯಾವಾಗ ಬೇಕಾದೀತೋ ಎಂದು ನಾವು ಪ್ಲೇಟ್ ಅಂಟಿಸಿಯೇ ಇಟ್ಟಿರುತ್ತೇವೆ. ಅದನ್ನು ಮಾಂಸಖಂಡ ತುಂಬಿದ, ಒಣಗಿದ, ಕೂದಲಿಲ್ಲದ ಜಾಗದಲ್ಲಿ ಅಂಟಿಸಬೇಕು. ಮೂಳೆ ಎದ್ದುಕಾಣುವ ಕಡೆ, ಹಳೆಯ ಗಾಯದ ಕಲೆಯ ಮೇಲೆ, ಒಳಗೆ ಲೋಹವಿರುವ ಕಡೆ ಅಂಟಿಸಬಾರದು. ನಿಮ್ಮ ಅಕ್ಕನಿಗೆ ಎಡತೊಡೆಗೆ ಅಂಟಿಸಿದರಾಯಿತು. ಎರಡು ಭಾಗಗಳಾಗಿ ಮಾಡಿರುವ ಈಗಿನ ಪ್ಲೇಟುಗಳಲ್ಲಿ, ಅಂಟು ಬಿಟ್ಟರೆ ಯಂತ್ರವೇ ಸದ್ದು ಮಾಡಿ ಕರೆಂಟ್ ನಿಲ್ಲಿಸುತ್ತದೆ. ಪೇಸ್‌ಮೇಕರ್ ಇರುವವರು ಇದನ್ನು ಓದುತ್ತಿದ್ದರೆ, ಅವರಂತೂ ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ಮೊನೊಪೋಲಾರ್ ಕರೆಂಟ್ ಅದರ ಕೆಲಸಕ್ಕೆ ಅಡ್ಡಬರಬಹುದು.

ಆಭರಣಗಳ ವಿಷಯದಲ್ಲಿ ಅವರ ಭಾವನೆ ನಮಗೆ ಅರ್ಥವಾಗುತ್ತದೆ, ಆದರೆ ತೆಗೆಯುವುದೇ ಸರಿ. ಲೋಹ ಚರ್ಮಕ್ಕೂ ಮೇಜಿನ ಲೋಹಕ್ಕೂ ಒಟ್ಟಿಗೆ ತಾಗಿದರೆ ಅಲ್ಲಿ ಚರ್ಮ ಸುಡುವ ಸಾಧ್ಯತೆ ಇರುತ್ತದೆ. ಈಗಿನ ಯಂತ್ರಗಳಲ್ಲಿ ಅದು ತೀರ ಕಡಿಮೆ, ಆದರೆ ಬೆರಳು ಊದಿಕೊಂಡಾಗ ಉಂಗುರ ಬಿಗಿಯುವುದು ಮತ್ತು ಆಭರಣ ಕಳೆದುಹೋಗುವುದು ನಾವು ಹೆಚ್ಚಾಗಿ ಕಾಣುವ ತೊಂದರೆಗಳು. ತಾಳಿಯ ಬದಲಿಗೆ ಅರಿಶಿನದ ದಾರವನ್ನು ಕೈಗೆ ಕಟ್ಟಿಕೊಳ್ಳಲು ನಮ್ಮಲ್ಲಿ ಬಿಡುತ್ತೇವೆ. ಕಾಲುಂಗುರ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಹಿಂದಿನ ದಿನವೇ ಸೋಪಿನ ನೀರು ಹಚ್ಚಿ ತೆಗೆಯಲು ಪ್ರಯತ್ನಿಸಿ. ಬಾರದಿದ್ದರೆ ಮೊದಲೇ ತಿಳಿಸಿ.

ಮನೆಗೆ ಬಂದ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೊದಲೆರಡು ದಿನ ಹೊಟ್ಟೆಗೆ ತುಂಬಿದ ಅನಿಲದಿಂದ ಭುಜ ನೋಯುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಇಳಿದಿದ್ದ ನೋವು ಮೂರು, ನಾಲ್ಕು ದಿನಗಳ ನಂತರ ಮತ್ತೆ ಏರಿದರೆ, ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ವಾಂತಿಯಾದರೆ, ಅದನ್ನು ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿಸಿ ಕಾಯಬೇಡಿ. ಸುಟ್ಟ ಕರುಳಿನ ಗೋಡೆ ಅದೇ ಕ್ಷಣ ತೂತಾಗುವುದಿಲ್ಲ. ಸತ್ತ ಭಾಗ ಕಳಚಿಬೀಳಲು ದಿನಗಳು ಹಿಡಿಯುವುದರಿಂದಲೇ ತೊಂದರೆ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೆರಡು ವಾರಗಳೊಳಗೆ ಯೋನಿಯಿಂದ ನೀರಿನಂತೆ ಸೋರತೊಡಗಿದರೆ, ಅಥವಾ ಸೊಂಟದ ಒಂದು ಪಕ್ಕದಲ್ಲಿ ನೋವಿನೊಂದಿಗೆ ಜ್ವರ ಬಂದರೆ ಮೂತ್ರನಾಳವನ್ನು ಪರೀಕ್ಷಿಸಬೇಕಾಗುತ್ತದೆ. ಇಂಥ ಸಂದರ್ಭದಲ್ಲಿ ಹತ್ತಿರದ ಕ್ಲಿನಿಕ್ಕಿಗಲ್ಲ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಹೋಗಿ. ರಾತ್ರಿಯಾಗಿದ್ದರೆ ಅವರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ರಾತ್ರಿ ಕರೆ ಮಾಡಬಹುದಾದ ನಂಬರ್ ಬರೆದಿದ್ದಾರೆಯೇ ಎಂದು ಮನೆಗೆ ಹೊರಡುವ ಮುಂಚೆಯೇ ನೋಡಿಕೊಳ್ಳಿ.